ಪಿನ್‌ಕೋಡ್ ಮಾತು ವಾಪಸು ತರಲು ಹೊರಟದ್ದು

ನಮ್ಮ ಬೀದಿಯ ಮೂರನೇ ಮನೆಯವರಿಗೆ ಹೆತ್ತವರು ಇಟ್ಟ ಹೆಸರೊಂದಿದೆ. ಅದು ಸಂಬಳದ ಚೀಟಿಯಲ್ಲಿ ಮಾತ್ರ ಬಳಕೆಯಲ್ಲಿದೆ. ಉಳಿದಂತೆ ಕಚೇರಿಯಲ್ಲಿ, ಬೀದಿಯಲ್ಲಿ, ಕೊನೆಗೆ ಅವರ ಅತ್ತೆಯ ಬಾಯಲ್ಲೂ ಅವರು ಪಿನ್‌ಕೋಡ್. ಅಂಚೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಕಾಗದ ವಿಂಗಡಿಸಿದವರು. ಯಾವ ಊರಿನ ಹೆಸರು ಕಿವಿಗೆ ಬಿದ್ದರೂ ಅದರ ಅಂಕಿಗಳು ಬಾಯಿಂದ ತಾವಾಗಿ ಉದುರುತ್ತವೆ. ದೂರದ ನೆಂಟರೊಬ್ಬರು ತೀರಿಕೊಂಡ ಸುದ್ದಿ ಬಂದಾಗಲೂ ಅವರು ಮೊದಲು ಹೇಳಿದ್ದು ಆ ಊರಿನ ಆರು ಅಂಕಿ. "ಅಯ್ಯೋ ಪಾಪ" ಆಮೇಲೆ ಬಂತು.

ಅವರ ಹೆಂಡತಿ ರಿಪೇರಿಯಮ್ಮ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಫ್ಯಾನು, ಮಿಕ್ಸಿ, ರೇಡಿಯೋ, ಹೊಗೆ ಬಂದ ಯಾವುದೇ ವಸ್ತುವನ್ನು ಆಕೆ ಬಿಚ್ಚಿ ಮತ್ತೆ ಉಸಿರಾಡುವಂತೆ ಮಾಡುತ್ತಾರೆ. ಮಾತು ಕಡಿಮೆ. ಬಾಯಲ್ಲಿ ಸದಾ ಎರಡು ಸ್ಕ್ರೂ ಕಚ್ಚಿಕೊಂಡಿರುವುದರಿಂದ ಮಾತಿಗೆ ಜಾಗವೂ ಕಡಿಮೆ.

ನಮ್ಮ ಬೀದಿಯವರೆಲ್ಲ ಮೊದಲು ಯಾವುದೋ ದೊಡ್ಡ ಕಂಪನಿಯ ಆ್ಯಪ್‌ನಲ್ಲಿ ಹರಟುತ್ತಿದ್ದೆವು. ಮೇಲ್ಮನೆ ಅಜ್ಜಿ ಒಂದು ದಿನ "ಮಂಡಿ ನೋವು" ಎಂದು ಬರೆದದ್ದೇ ತಡ, ಇಡೀ ಬೀದಿಗೆ ಊರುಗೋಲಿನ ಜಾಹೀರಾತು ಶುರುವಾಯಿತು. ಅಜ್ಜಿ ಸಿಟ್ಟಾಗಿ ರಿಪೇರಿಯಮ್ಮನ ಅಂಗಡಿಗೆ ಬಂದು, "ಇದನ್ನೂ ರಿಪೇರಿ ಮಾಡು" ಅಂದರು. ರಿಪೇರಿಯಮ್ಮ ಒಂದು ಹಳೇ ಕಂಪ್ಯೂಟರನ್ನು ಧೂಳು ಕೊಡವಿ ಕೆಲಸದ ಮೇಜಿನ ಕೆಳಗೆ ಕೂರಿಸಿ, ಅದರಲ್ಲಿ ಬೀದಿಯ ಹರಟೆಯನ್ನೆಲ್ಲ ಇಟ್ಟುಕೊಂಡು ಹಂಚುವ ಒಂದು ಸರ್ವರ್ ಮಾಡಿದರು. ಅಂಥವು ಊರಲ್ಲಿ ಆಗಲೇ ಹತ್ತಾರಿದ್ದವು. ದರ್ಜಿಗಳಿಗೊಂದು, ಚದುರಂಗ ಆಡುವವರಿಗೊಂದು, ದನದ ಆಸ್ಪತ್ರೆಗೊಂದು. ಎಲ್ಲಕ್ಕೂ ಯಜಮಾನರು ಬೇರೆ ಬೇರೆ, ಆದರೆ ಒಂದರ ಮಾತು ಇನ್ನೊಂದಕ್ಕೆ ಅರ್ಥವಾಗುತ್ತದೆ. ನೀವು ಒಂದರಲ್ಲಿದ್ದುಕೊಂಡೇ ಇನ್ನೊಂದರಲ್ಲಿರುವವರ ಜೊತೆ ಹರಟಬಹುದು.

"ಆ್ಯಪ್ ಅನ್ನೋದು ಬರೀ ಕಿಟಕಿ," ಎಂದು ರಿಪೇರಿಯಮ್ಮ ಗಂಡನಿಗೆ ಹೇಳಿದರು. "ಯಾವ ಕಿಟಕಿಯಿಂದ ನೋಡಿದ್ರೂ ಒಳಗಿರೋದು ಅದೇ. ಆದ್ರೆ ನೀವು ಬರೆದಿದ್ದು ನಮ್ಮ ಪೆಟ್ಟಿಗೇಲಿ ಮಾತ್ರ ಇರಲ್ಲ. ನಿಮ್ಮನ್ನ ಹಿಂಬಾಲಿಸೋರು ಯಾವ್ಯಾವ ಸರ್ವರ್‌ನಲ್ಲಿದಾರೋ ಅಲ್ಲೆಲ್ಲ ಒಂದೊಂದು ಪ್ರತಿ ಹೋಗುತ್ತೆ. ನೋಡ್ಕೊಂಡು ಬರೀರಿ."

"ವಿತರಣೆ ವಿಷ್ಯ ನನಗೆ ಹೇಳಿಕೊಡ್ತೀಯಾ?" ಎಂದರು ಪಿನ್‌ಕೋಡ್. ಕೊನೆಯ ವಾಕ್ಯ ಅವರ ಕಿವಿಗೆ ಬೀಳಲಿಲ್ಲ.

ಮರುದಿನದಿಂದ ಬೀದಿಯಲ್ಲಿ ಆ ಸರ್ವರ್ ಪಿನ್‌ಕೋಡ್ ಅವರದಾಯಿತು. "ನಾನೇ ನಡೆಸ್ತಿರೋದು. ಹೆಂಡತಿ ವೈರು ಗೀರು ಜೋಡಿಸಿಕೊಡ್ತಾಳೆ ಅಷ್ಟೇ" ಎಂದು ಹಾಲಿನ ಅಂಗಡಿಯ ಮುಂದೆ ಅವರು ಘೋಷಿಸಿದ್ದನ್ನು ನಾನೇ ಕೇಳಿದ್ದೇನೆ. ಮೇಲ್ಮನೆ ಅಜ್ಜಿಗೆ ಸರ್ವರ್ ಎಂದರೆ ಹೋಟೆಲಿನಲ್ಲಿ ಲೋಟ ತಂದಿಡುವವನು ಮಾತ್ರ. "ಮನೇಲೇ ಸರ್ವರ್ ಇಟ್ಕೊಂಡಿದೀಯಂತಲ್ಲಪ್ಪ, ನನಗೂ ಒಂದು ಕಾಫಿ ಕಳಿಸು" ಅಂದರು. ಪಿನ್‌ಕೋಡ್ ಅವರಿಗೆ ಇಪ್ಪತ್ತು ನಿಮಿಷ ವಿವರಿಸಿದರು. ಕೊನೆಯಲ್ಲಿ ಅಜ್ಜಿ ಕೇಳಿದ್ದು, "ಹಾಗಾದ್ರೆ ಕಾಫಿ ಇಲ್ವಾ?"

ಇಷ್ಟಕ್ಕೇ ನಿಂತಿದ್ದರೆ ಕಥೆಯಿಲ್ಲ. ಒಂದು ಸೋಮವಾರ ಬೆಳಗ್ಗೆ ಪೋಸ್ಟ್‌ಮಾಸ್ಟರ್ ಕಚೇರಿಗೆ ಕೂದಲು ಸಮೇತ ಬಂದರು.

ಶನಿವಾರದವರೆಗೆ ಆ ತಲೆ ಅಂಚೆ ಕಚೇರಿಯ ನೆಲದ ಕಲ್ಲಿನಷ್ಟೇ ನುಣುಪಾಗಿತ್ತು. ಸೋಮವಾರ ಅದರ ಮೇಲೆ ಕಪ್ಪಗೆ, ದಟ್ಟವಾಗಿ, ಎಡಕ್ಕೆ ಅರ್ಧ ಇಂಚು ವಾಲಿಕೊಂಡು ಏನೋ ಕೂತಿತ್ತು. ಮುದ್ರೆ ಒತ್ತುವವರ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಹೋಗಿ, "ಸರ್, ಹತ್ತು ವರ್ಷ ಚಿಕ್ಕವರಾಗಿ ಕಾಣ್ತೀರಿ" ಎಂದು ಹೇಳಿಬಂದರು. ಪಿನ್‌ಕೋಡ್ "ಹದಿನೈದು" ಅಂದರು. ವಿಂಗಡಣೆ ವಿಭಾಗದ ಮುಖ್ಯಸ್ಥರ ಜಾಗ ಖಾಲಿಯಾಗಿತ್ತು. ಅದಕ್ಕೆ ಹೆಸರು ಶಿಫಾರಸು ಮಾಡಬೇಕಾದವರು ಪೋಸ್ಟ್‌ಮಾಸ್ಟರೇ. ಹಾಗಾಗಿ ಆ ಐದು ವರ್ಷ ಹೆಚ್ಚುವರಿ.

ಆದರೆ ಹೊಟ್ಟೆಯೊಳಗೆ ನಗು ಕುದಿಯುತ್ತಿತ್ತು. ಯಾರಿಗಾದರೂ ಹೇಳದಿದ್ದರೆ ಒಡೆದುಹೋಗುವ ಸ್ಥಿತಿ. ಅವರಿಗೊಬ್ಬ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಬೇರೆ ಊರಲ್ಲಿ ಕೋಳಿ ಸಾಕುತ್ತಾನೆ. ಅವನೂ ಕೋಳಿ ಸಾಕುವವರ ಸರ್ವರ್‌ನಲ್ಲಿದ್ದ. ಪಿನ್‌ಕೋಡ್ ವಿಂಗಡಣೆ ಮೇಜಿನ ಮರೆಯಲ್ಲಿ ಫೋನು ತೆಗೆದು, ಅವನೊಬ್ಬನಿಗೇ ಎಂದುಕೊಂಡು ಹೀಗೆ ಬರೆದರು: "ಇವತ್ತು ನಮ್ಮ ಸಾಹೇಬರ ತಲೆ ಮೇಲೆ ಯಾರೋ ವಿಳಾಸ ತಪ್ಪಿದ ಪಾರ್ಸಲ್ ಇಳಿಸಿ ಹೋಗಿದ್ದಾರೆ."

ನಾಲ್ಕು ನಿಮಿಷದಲ್ಲಿ ಹನ್ನೊಂದು ಜನ ಮೆಚ್ಚಿದರು. ಷಡ್ಡಕ ಒಬ್ಬನೇ ಹನ್ನೊಂದು ಸಲ ಮೆಚ್ಚಲು ಸಾಧ್ಯವಿಲ್ಲ ಎಂಬುದು ಹೊಳೆದಾಗ ಪಿನ್‌ಕೋಡ್ ಬೆವತರು. ಮಾತು ಇಡೀ ಲೋಕಕ್ಕೆ ಹೋಗಿತ್ತು. ಅಳಿಸುವ ಗುಂಡಿ ಒತ್ತಿದರು. ಸಾಲದೆಂದು ಆ್ಯಪನ್ನೇ ಫೋನಿನಿಂದ ಕಿತ್ತುಹಾಕಿದರು. ಅದೂ ಸಾಲದೆಂದು ಫೋನನ್ನು ಒಂದು ಗಂಟೆ ನೋಂದಾಯಿತ ಅಂಚೆಯ ಚೀಲದಲ್ಲಿಟ್ಟು ಬಾಯಿ ಕಟ್ಟಿದರು. ಆಮೇಲೆ ನೆಮ್ಮದಿಯಾಗಿ ಚಹಾ ಕುಡಿದರು.

ಮರುದಿನ ಸಂಜೆ ದಾರಿಯಲ್ಲಿ ನಮ್ಮ ಬೀದಿಯ ದರ್ಜಿ ಸಿಕ್ಕಿದ.

"ಪಿನ್‌ಕೋಡ್ ಸಾರ್, ವಿಳಾಸ ತಪ್ಪಿದ ಪಾರ್ಸಲ್! ನಕ್ಕೂ ನಕ್ಕೂ ಸೂಜಿ ಬೆರಳಿಗೆ ಚುಚ್ಕೊಂಡೆ!"

"ಯಾವ ಪಾರ್ಸಲ್ಲು?"

"ನೀವೇ ಬರೆದಿದ್ದಲ್ವಾ?"

"ಅದನ್ನ ಅಳಿಸಿದ್ನಲ್ಲಯ್ಯ!"

"ನಿಮ್ಮಲ್ಲಿ ಅಳಿಸಿದ್ರಿ ಸಾರ್. ನಮ್ಮಲ್ಲಿ ಇದೆ."

ಪಿನ್‌ಕೋಡ್ ದೀಪದ ಕಂಬ ಹಿಡಿದುಕೊಂಡರು. ದರ್ಜಿಗಳ ಸರ್ವರ್ ನೋಡಿಕೊಳ್ಳುವವನು ಈ ದರ್ಜಿಯೇ. ಅವನು ತನ್ನ ವೃತ್ತಿಯ ಭಾಷೆಯಲ್ಲಿ ಬಿಡಿಸಿ ಹೇಳಿದ. "ನಿಮ್ಮ ಷರಟಿನ ಅಳತೆ ನನ್ನ ಪುಸ್ತಕದಲ್ಲಿದೆ. ನೀವು ಮನೇಲಿ ಷರಟು ಸುಟ್ಟುಹಾಕಿದ್ರೆ ನನ್ನ ಪುಸ್ತಕದಲ್ಲಿ ಅಳತೆ ಹೋಗುತ್ತಾ? ಹಾಗೇ ಇದೂ. ನೀವು ಬರೆದ ತಕ್ಷಣ ಒಂದು ಪ್ರತಿ ನಮ್ಮ ಸರ್ವರ್‌ಗೆ ಬಂತು. ಅಳಿಸಿದಾಗ, 'ದಯವಿಟ್ಟು ನೀವೂ ಅಳಿಸಿ' ಅಂತ ನಿಮ್ಮ ಸರ್ವರ್ ಒಂದು ಚೀಟಿ ಕಳಿಸುತ್ತೆ. ಆದ್ರೆ ಅಷ್ಟೊತ್ತಿಗೆ ನಮ್ಮಲ್ಲಿ ಇಸ್ತ್ರಿ ಪೆಟ್ಟಿಗೆ ಹಾಕಿ ಫ್ಯೂಸ್ ಹೋಗಿತ್ತು. ಚೀಟಿ ತಲುಪಲಿಲ್ಲ."

ಇಲ್ಲಿ ಪಿನ್‌ಕೋಡ್ ಅವರ ತಿಳಿವಳಿಕೆಯ ಬಗ್ಗೆ ಎರಡು ಮಾತು ಹೇಳಬೇಕು. ಅಂಚೆಯಲ್ಲಿ ಕಾಗದ ಎಂದರೆ ಒಂದೇ. ಅದು ಇಲ್ಲಿದ್ದರೆ ಅಲ್ಲಿಲ್ಲ, ಅಲ್ಲಿದ್ದರೆ ಇಲ್ಲಿಲ್ಲ. ಡಬ್ಬಿಗೆ ಹಾಕಿದ ಕಾಗದ ಬೇಡವೆನಿಸಿದರೆ ವಾಪಸು ಪಡೆಯಲು ಒಂದು ಫಾರಂ ಇದೆ. ಇಪ್ಪತ್ತೆರಡು ವರ್ಷದಲ್ಲಿ ಅದನ್ನು ತುಂಬಿದವರು ಮೂವರು. ಇಂಥ ವ್ಯವಸ್ಥೆಯಲ್ಲಿ ಬೆಳೆದ ಮನುಷ್ಯನಿಗೆ, ಒಂದು ಕಾಗದ ಹೊರಟ ಮೇಲೆ ಹದಿನೇಳು ಕಾಗದವಾಗಿ ಹದಿನೇಳು ಮನೆಯಲ್ಲಿ ಒಟ್ಟಿಗೆ ಇರುತ್ತದೆ ಎಂದರೆ ಅದು ದೆವ್ವದ ಕೆಲಸದಂತೆ ಕಂಡರೆ ತಪ್ಪಿಲ್ಲ.

ಹೆಂಡತಿಯನ್ನು ಕೇಳಬಹುದಿತ್ತು. ಆದರೆ ಬೀದಿಗೆಲ್ಲ "ನಾನೇ ನಡೆಸ್ತಿರೋದು" ಎಂದವರು ಮನೆಯಲ್ಲಿ "ಇದು ಹೇಗೇ?" ಎಂದು ಕೇಳುವುದೆಂತು? ಬುಧವಾರ ಅರ್ಧ ದಿನ ರಜೆ ಹಾಕಿ, ಕಾಗದ ವಾಪಸು ಪಡೆಯುವ ಫಾರಂನ ಒಂದು ಕಟ್ಟನ್ನು ಬಗಲಲ್ಲಿಟ್ಟುಕೊಂಡು ಅವರು ದರ್ಜಿಯ ಅಂಗಡಿಗೆ ಹೋದರು.

ಅಂಗಡಿಯಲ್ಲಿ ನಾಲ್ಕು ಹೊಲಿಗೆ ಯಂತ್ರಗಳು ಓಡುತ್ತಿದ್ದವು. ಸರ್ವರ್ ಬಟ್ಟೆಯ ಸುರುಳಿಗಳ ನಡುವೆ, ಮೇಲಿನ ಹಲಗೆಯ ಮೇಲೆ ಹಸಿರು ದೀಪ ಮಿಣುಕಿಸುತ್ತ ಕೂತಿತ್ತು. ಪಿನ್‌ಕೋಡ್ ಫಾರಂ ಚಾಚಿದರು. ಕಳಿಸಿದವರ ಹೆಸರು, ಕಳಿಸಿದ ವೇಳೆ, ಎಲ್ಲ ತುಂಬಿದ್ದರು. "ವಸ್ತುವಿನ ತೂಕ" ಎಂಬಲ್ಲಿ "ಬಹಳ" ಎಂದು ಬರೆದಿದ್ದರು.

ದರ್ಜಿ ಕನ್ನಡಕ ಏರಿಸಿ ಓದಿದ. "ಇದೆಲ್ಲ ಯಾಕೆ ಸಾರ್, ಒಂದು ಗುಂಡಿ ಒತ್ತಿದ್ರೆ ಆಯ್ತು. ಯಾವ ಮಾತು ಅಂತ ಸರಿಯಾಗಿ ಹೇಳಿ, ಹುಡುಕ್ತೀನಿ."

ಪಿನ್‌ಕೋಡ್ ಅವನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದರು.

"ಯಂತ್ರದ ಸದ್ದಲ್ಲಿ ಕೇಳ್ಸಲ್ಲ ಸಾರ್!"

ಇವರು ಸ್ವಲ್ಪ ದನಿ ಏರಿಸಿದರು. ಅದೇ ಗಳಿಗೆಗೆ ನಾಲ್ಕೂ ಯಂತ್ರಗಳು ದಾರ ಮುಗಿದಂತೆ ನಿಂತವು. ನಿಶ್ಶಬ್ದದಲ್ಲಿ ಪಿನ್‌ಕೋಡ್ ಅವರ ಗಂಟಲು ಗಂಟೆಯಂತೆ ಮೊಳಗಿತು. "ಸಾಹೇಬರ ತಲೆ ಮೇಲೆ ವಿಳಾಸ ತಪ್ಪಿದ ಪಾರ್ಸಲ್ ಇಳಿಸಿ ಹೋಗಿದ್ದಾರೆ!"

ಅಂಗಡಿ ನಕ್ಕಿತು. ದರ್ಜಿ ಮಾತು ಕೊಟ್ಟಂತೆ ಗುಂಡಿ ಒತ್ತಿ ಅಳಿಸಿದ. ಆದರೆ ಅದುವರೆಗೆ ಅದನ್ನು ಓದದೇ ಇದ್ದ, ಗುಂಡಿ ಹೊಲಿಯುವ ಹೆಂಗಸು ಅಷ್ಟರಲ್ಲಿ ಅದನ್ನು ತನ್ನದೇ ಮಾತಿನಲ್ಲಿ ಬರೆದು ಕಳಿಸಿಯಾಗಿತ್ತು. ಪಾಪ, ಹೆಸರು ಹಾಕಲಿಲ್ಲ. "ಅಂಚೆಯವರೊಬ್ಬರು ಹೇಳಿದ್ದು" ಎಂದಷ್ಟೇ ಬರೆದಿದ್ದಳು.

"ಇದನ್ನ ಯಾರು ಯಾರು ನೋಡ್ತಾರಮ್ಮ?" ಎಂದು ಪಿನ್‌ಕೋಡ್ ಅಳುಮುಖದಲ್ಲಿ ಕೇಳಿದರು.

"ಹೆಚ್ಚಿಗೆ ಇಲ್ಲ ಅಣ್ಣಾ. ನಮ್ಮಕ್ಕ ದನದ ಆಸ್ಪತ್ರೇಲಿ ಕೆಲಸ ಮಾಡ್ತಾಳೆ, ಅವಳು. ಮತ್ತೆ ಅಲ್ಲಿಗೆ ಬರೋರು."

ಪಿನ್‌ಕೋಡ್ ಆಟೋ ಹಿಡಿದರು.

ದನದ ಆಸ್ಪತ್ರೆಯ ಹಜಾರದಲ್ಲಿ ಎರಡು ನಾಯಿ, ಒಂದು ಮೇಕೆ ಮತ್ತು ಪಂಜರದಲ್ಲೊಂದು ಗಿಣಿ ಸರದಿಗೆ ಕಾಯುತ್ತಿದ್ದವು. ಇವರೂ ಸಾಲಿನಲ್ಲಿ ಕೂತರು. ಇವರನ್ನು ಒಳಗೆ ಕರೆದಾಗ ಡಾಕ್ಟರಮ್ಮ ಇನ್ನೂ ಮೇಕೆಯ ಎದೆಬಡಿತ ಕೇಳುತ್ತಿದ್ದರು.

"ಪ್ರಾಣಿ ಎಲ್ಲಿ?"

"ಪ್ರಾಣಿ ಇಲ್ಲ ಡಾಕ್ಟ್ರೇ. ಒಂದು ಮಾತು ಅಳಿಸಬೇಕಿತ್ತು."

ಕಿವಿಯಲ್ಲಿ ಸ್ಟೆತಾಸ್ಕೋಪ್ ಇದ್ದವರಿಗೆ ತಮ್ಮ ದನಿಯ ಅಳತೆ ಸಿಗುವುದಿಲ್ಲ. ಡಾಕ್ಟರಮ್ಮ ಫಾರಂ ಇಸಿದುಕೊಂಡು, ಈ ಸಲ ಅದರಲ್ಲಿ ಬರೆದಿದ್ದ ಆ ಮಾತನ್ನೂ ಸೇರಿಸಿ ಇಡೀ ಆಸ್ಪತ್ರೆಗೆ ಕೇಳುವಂತೆ ಓದಿದರು. ಓದಿ ಮೇಕೆಯ ಮೇಲೆ ಕೈಯೂರಿಕೊಂಡು ನಕ್ಕರು. "ಓ, ಇದು ನಿಮ್ಮದಾ? ಈಗಷ್ಟೇ ಊಟಕ್ಕೆ ಕೂತಾಗ ನೋಡಿದೆ. ಚೆನ್ನಾಗಿದೆ ಅಂತ ನಾನೂ ಹಂಚಿದೆ. ಅಳಿಸೋದೇನು, ಅಳಿಸ್ತೀನಿ. ಆದ್ರೆ ನಮ್ಮಿಂದ ಯಾವ್ಯಾವ ಸರ್ವರ್‌ಗೆ ಹೋಗಿದೆಯೋ ಅಲ್ಲಿಯವರು ಅಳಿಸ್ತಾರೋ ಬಿಡ್ತಾರೋ ಅವರಿಷ್ಟ. ನಾವು ಕೇಳ್ಕೋಬಹುದು ಅಷ್ಟೇ."

ಅಷ್ಟರಲ್ಲಿ ಹಜಾರದಿಂದ ಗಿಣಿ ಸ್ಪಷ್ಟವಾಗಿ ಕೂಗಿತು. "ಪಾರ್ಸಲ್! ಪಾರ್ಸಲ್!"

ಪಿನ್‌ಕೋಡ್ ತಮ್ಮ ಕಟ್ಟಿನಲ್ಲಿದ್ದ ಫಾರಂಗಳನ್ನು ಒಂದು ಸಲ ತಿರುವಿ ನೋಡಿದರು. ಗಿಣಿಗೆ ಅನ್ವಯಿಸುವಂಥದ್ದು ಯಾವುದೂ ಇರಲಿಲ್ಲ.

ಗುರುವಾರ ಬೆಳಗ್ಗೆ ಕಚೇರಿಗೆ ಕಾಲಿಟ್ಟ ಕೂಡಲೇ ಪೋಸ್ಟ್‌ಮಾಸ್ಟರ್ ಕರೆ ಕಳಿಸಿದರು. ಕೂದಲು ಆ ದಿನ ಬಲಕ್ಕೆ ವಾಲಿತ್ತು. ಮೇಜಿನ ಮೇಲೆ ಫೋನು ತೆರೆದಿತ್ತು.

"ಕೂತ್ಕೊಳ್ರಿ. ನಾನು ಚದುರಂಗದವರ ಸರ್ವರ್‌ನಲ್ಲಿದೀನಿ, ಗೊತ್ತಲ್ಲ? ನಿನ್ನೆ ಆಟದ ಮಧ್ಯೆ ಇದು ಬಂತು. 'ಅಂಚೆಯವರೊಬ್ಬರು ಹೇಳಿದ್ದು: ಸಾಹೇಬರ ತಲೆ ಮೇಲೆ ವಿಳಾಸ ತಪ್ಪಿದ ಪಾರ್ಸಲ್.' ಇದು ಯಾವ ಸಾಹೇಬರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪಿನ್‌ಕೋಡ್ ತಮ್ಮ ತಲೆಯನ್ನೇ ಮುಟ್ಟಿ ನೋಡಿಕೊಂಡರು. "ದೇಶದಲ್ಲಿ ಸಾಹೇಬರು ಬಹಳ ಜನ ಇದಾರೆ ಸರ್. ತಲೆಗಳೂ ಬಹಳ ಇವೆ."

"ಯಾರು ಬರೆದಿದ್ದು ಅಂತ ಪತ್ತೆ ಆಗ್ಬೇಕು. ನೀವು ಮನೇಲೇ ಸರ್ವರ್ ನಡೆಸ್ತೀರಂತೆ. ಕಚೇರಿ ತುಂಬ ನಿಮ್ಮ ಪಾಂಡಿತ್ಯದ ಮಾತೇ. ನೀವೇ ತನಿಖೆ ಮಾಡಿ. ಶನಿವಾರದೊಳಗೆ ವರದಿ ಕೊಡಿ. ನಿಮ್ಮ ಶಿಫಾರಸಿನ ಕಾಗದ ಆಮೇಲೆ ನೋಡೋಣ."

ಹೀಗೆ ಪಿನ್‌ಕೋಡ್ ತಮ್ಮನ್ನು ತಾವೇ ಹಿಡಿಯುವ ಅಧಿಕಾರಿಯಾಗಿ ನೇಮಕಗೊಂಡರು. ಹೊರಗೆ ಬಂದಾಗ ಸಹೋದ್ಯೋಗಿಗಳು ಕೈಕುಲುಕಿ ಅಭಿನಂದಿಸಿದರು. "ಬಿಡಬೇಡಿ ಸಾರ್ ಆ ಕಳ್ಳನ್ನ!" ಎಂದರು. "ಬಿಡಲ್ಲ" ಎಂದರು ಪಿನ್‌ಕೋಡ್. ದನಿ ಬಾವಿಯೊಳಗಿಂದ ಬಂದಂತಿತ್ತು.

ಸಂಜೆ ಮನೆಗೆ ಬಂದಾಗ ರಿಪೇರಿಯಮ್ಮ ಯಾರದೋ ಫ್ಯಾನು ಕೊಟ್ಟುಬರಲು ಹೋಗಿದ್ದರು. ಸರ್ವರ್‌ನಿಂದ ಸರ್ವರ್‌ಗೆ ಆಟೋದಲ್ಲಿ ತಿರುಗಿ ಮುಗಿಯುವ ಕೆಲಸ ಇದಲ್ಲ, ಎಲ್ಲರಿಗೂ ಒಟ್ಟಿಗೆ ಒಂದು ಸುತ್ತೋಲೆ ಹೊರಡಿಸಬೇಕು ಎಂದು ಪಿನ್‌ಕೋಡ್ ತೀರ್ಮಾನಿಸಿದರು. ಕಿತ್ತುಹಾಕಿದ್ದ ಆ್ಯಪನ್ನು ಮತ್ತೆ ಹಾಕಿದರು. ಅದರೊಳಗೆ ಅವರ ಹಳೆಯ ಮಾತುಗಳೆಲ್ಲ ಕೂದಲೂ ಕೊಂಕದಂತೆ ಇದ್ದವು. ಇದರಿಂದ ಪಾಠ ಕಲಿಯಬಹುದಿತ್ತು. ಅವರಿಗೆ ಸಮಯವಿರಲಿಲ್ಲ. ಅಂಗಡಿಯ ಮೇಜಿನ ಮುಂದೆ ಕೂತು, ಇಪ್ಪತ್ತೆರಡು ವರ್ಷದ ಕಚೇರಿ ಕನ್ನಡವನ್ನೆಲ್ಲ ಒಟ್ಟುಗೂಡಿಸಿ ಬರೆದರು:

"ಸಮಸ್ತ ಸರ್ವರ್ ಪಾಲಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ಪೋಸ್ಟ್‌ಮಾಸ್ಟರ್ ಅವರು ಧರಿಸುತ್ತಿರುವ ಕೃತಕ ಕೇಶವನ್ನು ಕುರಿತು ಈ ಕೆಳಗೆ ಸಹಿ ಮಾಡಿರುವವನು ಕಳೆದ ಸೋಮವಾರ ಬರೆದ 'ವಿಳಾಸ ತಪ್ಪಿದ ಪಾರ್ಸಲ್' ಎಂಬ ವಾಕ್ಯದ ಪ್ರತಿಗಳು ಯಾರಲ್ಲಿದ್ದರೂ ಕೂಡಲೇ ನಾಶಪಡಿಸತಕ್ಕದ್ದು. ಸದರಿ ವಿಷಯವನ್ನು ಅತ್ಯಂತ ಗೋಪ್ಯವಾಗಿಡತಕ್ಕದ್ದು."

ಕೆಳಗೆ ಪೂರ್ಣ ಹೆಸರು, ಹುದ್ದೆ, ಕಚೇರಿಯ ಆರು ಅಂಕಿ. "ಎಲ್ಲರಿಗೂ" ಎಂಬ ಗುಂಡಿ ಒತ್ತಿದರು.

ಗಮನಿಸಿ, ಅದುವರೆಗೆ ದರ್ಜಿ, ಡಾಕ್ಟರಮ್ಮನಂಥ ನಾಲ್ಕಾರು ಜನರನ್ನು ಬಿಟ್ಟರೆ ಲೋಕಕ್ಕೆ ಗೊತ್ತಿದ್ದದ್ದು ಯಾರೋ ಅಂಚೆಯವರು ಯಾವುದೋ ಸಾಹೇಬರ ತಲೆಯ ಬಗ್ಗೆ ಏನೋ ಹೇಳಿದ್ದಾರೆ ಎಂದಷ್ಟೇ. ಅರ್ಧ ಜನಕ್ಕೆ ಮಾತಿನ ಅರ್ಥವೂ ಆಗಿರಲಿಲ್ಲ. ಸಾಹೇಬರಿಗೆ ಕೆಲಸದ ಹೊರೆ ಜಾಸ್ತಿಯಾಗಿದೆ ಎಂದುಕೊಂಡು ಕೆಲವರು ಮರುಗಿದ್ದರು.

ಮೊದಲ ಉತ್ತರ ದರ್ಜಿಯದು. "ಓಹೋಹೋ, ವಿಗ್ಗಾ!" ಎರಡನೆಯದು ಡಾಕ್ಟರಮ್ಮನದು. ಮಾತಿಲ್ಲ, ಉಣ್ಣೆ ಕತ್ತರಿಸಿದ ಕುರಿಯ ಚಿತ್ರ. ಹತ್ತನೇ ನಿಮಿಷಕ್ಕೆ ಷಡ್ಡಕನ ಫೋನು ಬಂತು.

"ಅಣ್ಣಾ, ನಮ್ಮ ಕೋಳಿ ಸಾಕೋರ ಸರ್ವರ್‌ನಲ್ಲಿ ಮುನ್ನೂರ ಹನ್ನೆರಡು ಜನ ನಿಮ್ಮ ಸುತ್ತೋಲೆ ಓದಿದಾರೆ. ಆದ್ರೆ ಚಿಂತೆ ಮಾಡ್ಬೇಡಿ, ಎಲ್ಲರೂ ಗೋಪ್ಯವಾಗೇ ಇಟ್ಕೊಂಡಿದಾರೆ."

ಪಿನ್‌ಕೋಡ್ ಅಳಿಸುವ ಗುಂಡಿ ಒತ್ತಿದರು. ಒತ್ತಿ, ಆ ಪೆಟ್ಟಿಗೆಯಿಂದ ಇನ್ನೊಂದು ಅಕ್ಷರವೂ ಹೊರಗೆ ಹೋಗಬಾರದೆಂದು ಮೇಜಿನ ಕೆಳಗೆ ತೂರಿ, ಕಣ್ಣಿಗೆ ಕಂಡ ಎಲ್ಲ ವೈರುಗಳನ್ನೂ ಕಿತ್ತರು.

ಎರಡು ನಿಮಿಷದಲ್ಲಿ ಅಂಗಡಿಯ ಮುಂದೆ ಬೀದಿ ಸೇರಿತು. ನಾಳೆ ನೀರು ಯಾವಾಗ ಬಿಡುತ್ತಾರೆ ಎಂಬ ಸುದ್ದಿ ಅರ್ಧಕ್ಕೆ ನಿಂತಿದೆ ಎಂದರು ಒಬ್ಬರು. ನಾನು ಹೋದದ್ದು ನನ್ನ ಹಳೇ ಸೈಕಲ್ ಮಾರಾಟದ ಮಾತು ಮಧ್ಯದಲ್ಲಿ ತುಂಡಾಗಿದ್ದಕ್ಕೆ. ಮೇಲ್ಮನೆ ಅಜ್ಜಿ ಕೋಲೂರಿಕೊಂಡು ಇಳಿದುಬಂದರು. "ನಮ್ಮ ಅಕ್ಕನ ಹತ್ರ ಜಗಳ ಆಡ್ತಾ ಇದ್ದೆ ಕಣಪ್ಪ. ಗೆಲ್ಲೋದ್ರಲ್ಲಿದ್ದೆ, ಹೋಗ್ಬಿಡ್ತು. ಬೇಗ ಸರಿಮಾಡು, ಅವಳು ನಾನೇ ಓಡಿಹೋದೆ ಅಂದ್ಕೋತಾಳೆ!"

"ಸರ್ವರ್ ಯಜಮಾನ್ರು ಎಲ್ಲಿ?"

ಯಜಮಾನರು ಮೇಜಿನ ಕೆಳಗಿದ್ದರು. ಕೈಯಲ್ಲಿ ಏಳು ವೈರು. ಯಾವುದು ಎಲ್ಲಿಗೆಂದು ಗೊತ್ತಿಲ್ಲ. ಒಂದನ್ನು ಧೈರ್ಯಮಾಡಿ ಸಿಕ್ಕಿಸಿದರು. ಮೇಜಿನ ಮೇಲಿದ್ದ ಯಾರದೋ ಮಿಕ್ಸಿ ಗಿರ್ರೆಂದು ತಿರುಗಿತು. ಇನ್ನೊಂದನ್ನು ಸಿಕ್ಕಿಸಿದರು. ರೇಡಿಯೋ ಹವಾಮಾನ ಹೇಳಲು ಶುರುಮಾಡಿತು.

ಆಗ ರಿಪೇರಿಯಮ್ಮ ಬಂದರು. ಜನರನ್ನು ನೋಡಿದರು, ಮಿಕ್ಸಿ ಆರಿಸಿದರು, ಬಗ್ಗಿ ಮೇಜಿನ ಕೆಳಗೆ ನೋಡಿದರು.

"ರೀ, ಏನಿದು?"

ಪಿನ್‌ಕೋಡ್ ಅಲ್ಲಿಂದಲೇ ಎಲ್ಲ ಹೇಳಿದರು. ವಿಗ್ಗು, ಪಾರ್ಸಲ್ಲು, ದರ್ಜಿ, ಮೇಕೆ, ಗಿಣಿ, ತನಿಖೆ, ಸುತ್ತೋಲೆ. ಬೀದಿಯ ಮುಂದೆಯೇ. ಹೊರಗೆ ಬರಲು ಧೈರ್ಯವಿಲ್ಲದ್ದರಿಂದ ನಮಗೆಲ್ಲ ಕಾಣುತ್ತಿದ್ದದ್ದು ಅವರ ಎರಡು ಪಾದ ಮಾತ್ರ. ಆ ಪಾದಗಳು ಕೊನೆಯಲ್ಲಿ ಹೀಗೆ ಹೇಳಿದವು. "ಮತ್ತೆ, ಈ ಸರ್ವರ್ ನಡೆಸೋದು ನಾನಲ್ಲ. ಇವಳು. ನನಗೆ ಇದರ ಸ್ವಿಚ್ ಎಲ್ಲಿದೆ ಅಂತಲೂ ಗೊತ್ತಿಲ್ಲ."

"ಅದು ನಮಗೆಲ್ಲ ಗೊತ್ತಲ್ಲಪ್ಪ" ಎಂದರು ಅಜ್ಜಿ.

ರಿಪೇರಿಯಮ್ಮ ಏಳು ವೈರನ್ನೂ ಮೂರು ನಿಮಿಷದಲ್ಲಿ ಸಿಕ್ಕಿಸಿದರು. ಪರದೆಯ ಮೇಲೆ ಏನನ್ನೋ ಓದಿ, ಬಾಯಲ್ಲಿದ್ದ ಸ್ಕ್ರೂಗಳನ್ನು ಕೈಗೆ ಉಗುಳಿಕೊಂಡರು. ಅಂದರೆ ಮಾತು ಉದ್ದವಿದೆ ಎಂದರ್ಥ.

"ಸುತ್ತೋಲೆ ಹೊರಗೆ ಹೋಗಿ ಆಗಿತ್ತು. ನೀವು ಅಳಿಸಿದಾಗ, ಅದನ್ನ ಅಳಿಸಿ ಅಂತ ಎಲ್ಲ ಸರ್ವರ್‌ಗೂ ಹೇಳೋ ಚೀಟಿ ಇಲ್ಲಿ ಸಾಲಲ್ಲಿ ನಿಂತಿತ್ತು. ಹೊರಡೋ ಮುಂಚೆ ನೀವು ವೈರ್ ಕಿತ್ರಿ. ಬೆಂಕಿ ಹೊರಗೆ, ನೀರು ಒಳಗೆ. ಮಧ್ಯೆ ಬಾಗಿಲು ಹಾಕಿದ್ರಿ."

"ಈಗ ಹೋಗುತ್ತಾ ಚೀಟಿ?"

"ಹೋಗುತ್ತೆ. ಕೆಲವರು ಅಳಿಸ್ತಾರೆ. ಕೆಲವರಿಗೆ ತಲುಪೋದೇ ಇಲ್ಲ. ಕೆಲವರು ಆಗಲೇ ಬೇರೆ ಕಡೆ ಬರ್ಕೊಂಡಿರ್ತಾರೆ. ಅಳಿಸಿ ಅಂತ ಕೇಳೋದಕ್ಕೆ ಬರುತ್ತೆ, ಅಳಿಸಲೇಬೇಕು ಅನ್ನೋದಕ್ಕೆ ಬರಲ್ಲ." ಆಕೆ ಸ್ಕ್ರೂಗಳನ್ನು ಮತ್ತೆ ಬಾಯಿಗೆ ಹಾಕಿಕೊಳ್ಳುವ ಮೊದಲು ಇನ್ನೊಂದು ಮಾತು ಸೇರಿಸಿದರು. "ಪೆಟ್ಟಿಗೆಗಳ ಹತ್ರ ಹೋಗಿದ್ದು ಸಾಕು. ಬೆಳಗ್ಗೆ ಎದ್ದು ಆ ಮನುಷ್ಯನ ಹತ್ರ ಹೋಗಿ."

ಶುಕ್ರವಾರ ಬೆಳಗ್ಗೆ ಪಿನ್‌ಕೋಡ್ ಪೋಸ್ಟ್‌ಮಾಸ್ಟರ್ ಕೋಣೆಯ ಬಾಗಿಲಲ್ಲಿ ನಿಂತಾಗ ಕಚೇರಿಯ ಎಲ್ಲ ಮುದ್ರೆಗಳೂ ಗಾಳಿಯಲ್ಲಿ ನಿಂತಿದ್ದವು. ಒಳಗೆ ಸಾಹೇಬರು ಕಿಟಕಿಯ ಕಡೆ ಮುಖಮಾಡಿ ಕೂತಿದ್ದರು. ತಲೆ ಬೋಳಾಗಿತ್ತು, ಅಲ್ಲಲ್ಲಿ ಕೆಂಪಗೆ ಗಂದೆ ಎದ್ದಿತ್ತು.

"ತನಿಖೆ ಮುಗೀತು ಸರ್," ಎಂದರು ಪಿನ್‌ಕೋಡ್. "ಕಳ್ಳ ಸಿಕ್ಕಿದ. ನಾನೇ."

"ಸುತ್ತೋಲೆ ಓದಿದೆ ಕಣ್ರೀ. ಚದುರಂಗದವರು ನಿನ್ನೆ ಆಟ ನಿಲ್ಸಿ ಓದಿದ್ರು." ಪೋಸ್ಟ್‌ಮಾಸ್ಟರ್ ಕುರ್ಚಿ ತಿರುಗಿಸಿದರು. "ಸೋಮವಾರದಿಂದ ಉರೀತಾ ಇತ್ತು. ಕೆರೀತಾ ಇತ್ತು. ಕನ್ನಡೀಲಿ ನೋಡ್ಕೊಂಡ್ರೆ ಬೆಕ್ಕು ಮಲಗಿದ ಹಾಗೆ ಕಾಣ್ಸೋದು. ತೆಗೆದುಬಿಡೋಣ ಅಂದ್ಕೊಂಡೆ, ಅಷ್ಟೊತ್ತಿಗೆ ಒಬ್ಬೊಬ್ಬರಾಗಿ ಬಂದ್ರಿ. ಎಲ್ಲರೂ ಹತ್ತು ವರ್ಷ ಅಂದ್ರಿ. ನೀವು ಎಷ್ಟು ಅಂದ್ರಿ?"

"ಹದಿನೈದು ಸರ್."

"ಹದಿನೈದು. ಇವರೆಲ್ಲ ಹೇಳ್ತಿರುವಾಗ ನಿಜ ಇರಬಹುದು ಅಂತ ಮತ್ತೆ ಮೂರು ದಿನ ಹಾಕ್ಕೊಂಡೆ." ಅವರು ನೆತ್ತಿ ಮೆಲ್ಲಗೆ ಸವರಿಕೊಂಡರು. "ಕೋಳಿ ಸಾಕೋರಿಗೆ ಹೇಳಿದ್ರಿ. ದರ್ಜಿಗಳಿಗೆ ಹೇಳಿದ್ರಿ. ದನದ ಡಾಕ್ಟ್ರಿಗೆ ಹೇಳಿದ್ರಿ. ಇಡೀ ಊರಿಗೆ ಹೇಳಿದೋರು, ನನಗೊಬ್ಬನಿಗೆ ಹೇಳಲಿಲ್ಲವಲ್ರೀ."

ಪಿನ್‌ಕೋಡ್ ಬೈಗುಳಕ್ಕೆಂದು ಸಿದ್ಧಮಾಡಿಕೊಂಡು ಬಂದಿದ್ದ ಉತ್ತರವನ್ನು ಬಿಟ್ಟುಬಿಟ್ಟರು. "ತಪ್ಪಾಯ್ತು ಸರ್," ಎಂದಷ್ಟೇ ಹೇಳಿದರು. ಆಮೇಲೆ, "ಗಂದೆಗೆ ಕೊಬ್ಬರಿ ಎಣ್ಣೆ ಹಚ್ಚಿ ಸರ್," ಎಂದು ಸೇರಿಸಿದರು.

ವರದಿಯನ್ನು ಹೇಗೂ ಶನಿವಾರ ಕೊಡಬೇಕಾಯಿತು. ಕಚೇರಿ ಎಂದರೆ ಕಚೇರಿ. ಅದರ ಜೊತೆಗೆ ನೆಟ್‌ವರ್ಕಿನಲ್ಲಿ ಒಂದು ಕ್ಷಮಾಪಣೆಯನ್ನೂ ಬರೆಯಬೇಕಾಯಿತು. ಅದನ್ನು ರಿಪೇರಿಯಮ್ಮ ನಾಲ್ಕು ಸಲ ಓದಿ ನೋಡಿದ ಮೇಲೆ ಕಳಿಸಿದರು. ಎಲ್ಲ ಸರ್ವರ್‌ಗಳಿಗೂ ಅದು ಚೆನ್ನಾಗಿಯೇ ತಲುಪಿತು. ಫ್ಯೂಸ್ ಹೋಗಲಿಲ್ಲ, ಸಾಲಿನಲ್ಲಿ ನಿಲ್ಲಲಿಲ್ಲ. ಮೆಚ್ಚಿದವರು ಇಬ್ಬರೇ. ಪೋಸ್ಟ್‌ಮಾಸ್ಟರ್ ಒಬ್ಬರು. ಇನ್ನೊಬ್ಬರು ಮೇಲ್ಮನೆ ಅಜ್ಜಿ, ಅದೂ ಬೇರೆ ಏನನ್ನೋ ಒತ್ತಲು ಹೋಗಿ.

ಮುಂದಿನ ತಿಂಗಳು ವಲಯದ ದೊಡ್ಡ ಅಧಿಕಾರಿಣಿ ತಪಾಸಣೆಗೆ ಬಂದರು. ಕಚೇರಿ ತೊಳೆದಿಟ್ಟಂತಿತ್ತು. ಸಿಬ್ಬಂದಿಯೆಲ್ಲ ಬಾಗಿಲಿಂದ ಒಳಕೋಣೆಯವರೆಗೆ ಎರಡು ಸಾಲಾಗಿ ನಿಂತಿದ್ದರು. ಕಾರು ಗೇಟಿನೊಳಗೆ ತಿರುಗಿತು. ಪೋಸ್ಟ್‌ಮಾಸ್ಟರ್ ಹೊಸ ಪ್ಯಾಂಟು ಹಾಕಿಕೊಂಡು, ಹೊಳೆಯುವ ಬೋಳುತಲೆಯೊಂದಿಗೆ, ಹೂಗುಚ್ಛ ಹಿಡಿದು ಗಂಭೀರವಾಗಿ ಸಾಲಿನ ನಡುವೆ ನಡೆದುಬಂದರು. ಎರಡೂ ಸಾಲಿನ ಕಣ್ಣುಗಳು ಏಕಕಾಲಕ್ಕೆ ಒಂದೇ ಜಾಗಕ್ಕೆ ಹೋಗಿ, ಏಕಕಾಲಕ್ಕೆ ಛಾವಣಿಗೆ ಏರಿದವು. ಯಾರೂ ತುಟಿ ಬಿಚ್ಚಲಿಲ್ಲ. ಒಬ್ಬಿಬ್ಬರ ಕೈ ಫೋನಿನ ಜೇಬಿಗೆ ಹೋಯಿತು.

ಪಿನ್‌ಕೋಡ್ ಸಾಲು ಬಿಟ್ಟು ಮುಂದೆ ಬಂದರು. ನಾಲ್ಕು ಹೆಜ್ಜೆ. 'ಇವನಿಗೇನು ಬಂತು' ಎಂದು ಎಲ್ಲರೂ ನೋಡುತ್ತಿದ್ದಂತೆ ಸಾಹೇಬರ ಕಿವಿಯ ಹತ್ತಿರ ಬಾಗಿ, ಈ ಸಲ ನಿಜವಾಗಿಯೂ ಪಿಸುಮಾತಿನಲ್ಲಿ, ಒಂದೇ ಪದ ಹೇಳಿದರು.

"ಜಿಪ್ಪು."

ಪೋಸ್ಟ್‌ಮಾಸ್ಟರ್ ಹೂಗುಚ್ಛವನ್ನು ಸರಕ್ಕನೆ ಕೆಳಗಿಳಿಸಿದರು. ಜಿಪ್ಪು ಏರಲಿಲ್ಲ, ಹಲ್ಲು ಕಿತ್ತುಹೋಗಿತ್ತು. ಅಧಿಕಾರಿಣಿ ಕಾರಿನಿಂದ ಇಳಿದು ಬರುವಷ್ಟರಲ್ಲಿ, ಇಡೀ ತಪಾಸಣೆ ಮುಗಿಯುವವರೆಗೆ ಆ ಹೂಗುಚ್ಛ ಯಾವ ಎತ್ತರದಲ್ಲಿರಬೇಕೆಂದು ಇಬ್ಬರಿಗೂ ಅರ್ಥವಾಗಿತ್ತು. "ಹೂವು ನನಗಲ್ವಾ?" ಎಂದು ಅಧಿಕಾರಿಣಿ ಕೇಳಿದಾಗ, ಪಿನ್‌ಕೋಡ್ ತಮ್ಮ ಕೈಯಲ್ಲಿದ್ದ ದೊಡ್ಡ ವಿಂಗಡಣೆ ಪುಸ್ತಕವನ್ನು ಸಾಹೇಬರ ಕೈಗೆ ಕೊಟ್ಟು, ಹೂವನ್ನು ಬಿಡಿಸಿ ಅಧಿಕಾರಿಣಿಗಿತ್ತರು. ಪುಸ್ತಕ ಅದೇ ಎತ್ತರದಲ್ಲಿ ನಿಂತಿತು. ಇಷ್ಟು ಪ್ರೀತಿಯಿಂದ ದಾಖಲೆಪುಸ್ತಕ ಹಿಡಿದುಕೊಳ್ಳುವ ಪೋಸ್ಟ್‌ಮಾಸ್ಟರರನ್ನು ತಾವು ಕಂಡಿಲ್ಲವೆಂದು ಅಧಿಕಾರಿಣಿ ವರದಿಯಲ್ಲಿ ಬರೆದರು. ಶಿಫಾರಸಿನ ಕಾಗದಕ್ಕೆ ಆ ವಾರ ಸಹಿ ಬಿತ್ತು.

ಈ ಸಂಗತಿಯನ್ನು ಪಿನ್‌ಕೋಡ್ ಯಾವ ಸರ್ವರ್‌ನಲ್ಲೂ ಬರೆಯಲಿಲ್ಲ. ಷಡ್ಡಕನಿಗೆ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಅದರ ಒಂದೇ ಒಂದು ಪ್ರತಿಯೂ ಎಲ್ಲೂ ಹೋಗಿಲ್ಲವೆಂದು ಅವರು ಇಂದಿಗೂ ನಂಬಿದ್ದಾರೆ.

ಆ ಪ್ಯಾಂಟಿಗೆ ಹೊಸ ಜಿಪ್ಪು ಹಾಕಿಕೊಟ್ಟವನು ನಮ್ಮ ಬೀದಿಯ ಅದೇ ದರ್ಜಿ, ಸರ್ವರ್ ನೋಡಿಕೊಳ್ಳುವವನು.